ಎಲ್ಲಿ ಬಿಟ್ಟು ಬಂದ್ರಿ?

ನಮ್ಮ ಮನೆ ಬಾಗಿಲ ಪಕ್ಕ, ಚಳಿಗಾಲದ ಕೋಟುಗಳನ್ನ ನೇತುಹಾಕೋ ಗೂಟದಲ್ಲಿ, ಒಂದು ಮೆಡಲ್ ತೂಗ್ತಾ ಇದೆ. ನೀಲಿ-ಹಳದಿ ಪಟ್ಟಿ, ತುದಿಯಲ್ಲಿ ಯೂನಿಕಾರ್ನ್. ಬಂದವರು ಶೂ ಬಿಚ್ಚುವಾಗ ಅದು ಕಣ್ಣಿಗೆ ಬೀಳುತ್ತೆ. "ಓ, ಬಾಸ್ಟನ್ ಓಡಿದೀರಾ?" ಅಂತಾರೆ. "ಹೂಂ, 2018ರಲ್ಲಿ" ಅಂತೀನಿ. ವರ್ಷ ಹೇಳಿದ ಕೂಡಲೇ ಇಲ್ಲಿ ಹಳಬರಾದವರಿಗೆ ಗೊತ್ತಾಗಿಬಿಡುತ್ತೆ: "ಅಯ್ಯೋ, ಆ ಮಳೇಲಾ!" ಅಲ್ಲಿಂದ ನನ್ನ ಕಥೆ ಶುರು. ಎಷ್ಟು ಸಲ ಹೇಳಿದೀನಿ ಅಂದ್ರೆ, ಎಲ್ಲಿ ನಗು ಬರುತ್ತೆ, ಎಲ್ಲಿ "ಅಬ್ಬಾ" ಬರುತ್ತೆ ಅನ್ನೋದೆಲ್ಲ ನನಗೆ ಬಾಯಿಪಾಠ.

ಆ ಕಥೆಯಲ್ಲಿ ನಾನು ಒಂದು ಜಾಗವನ್ನ ಬೇಗ ದಾಟಿಬಿಡ್ತೀನಿ. ಹತ್ತೊಂಬತ್ತನೇ ಮೈಲಿ. ಇವತ್ತು ಅಲ್ಲೇ ಸ್ವಲ್ಪ ಹೊತ್ತು ನಿಲ್ಲೋಣ ಅಂತ.

ಮೊದಲು ದಿನದ ಬಗ್ಗೆ. ಬಾಸ್ಟನ್ ಮ್ಯಾರಥಾನ್ ನಡೆಯೋದು ಪ್ರತಿವರ್ಷ ಏಪ್ರಿಲ್ ತಿಂಗಳ ಮೂರನೇ ಸೋಮವಾರ, ಪೇಟ್ರಿಯಟ್ಸ್ ಡೇ ರಜೆಯ ದಿನ. 1897ರಿಂದ ನಡೀತಾ ಬಂದಿದೆ. ಹಾಪ್ಕಿಂಟನ್ ಅನ್ನೋ ಹಳ್ಳಿಯಂಥ ಊರಿನಲ್ಲಿ ಶುರುವಾಗಿ ಆಶ್‌ಲ್ಯಾಂಡ್, ಫ್ರೇಮಿಂಗ್‌ಹ್ಯಾಮ್, ನೇಟಿಕ್, ವೆಲ್ಸ್ಲಿ, ನ್ಯೂಟನ್ ಹಾದು ಬಾಸ್ಟನ್ನಿನ ಬಾಯ್ಲ್‌ಸ್ಟನ್ ಬೀದಿಯಲ್ಲಿ ಮುಗಿಯುತ್ತೆ. ಏಪ್ರಿಲ್ ಅಂದ್ರೆ ಇಲ್ಲಿ ಹೂ ಬಿಡೋ ಕಾಲ ಅಂತ ಹೇಳ್ತಾರೆ. 2018ರ ಏಪ್ರಿಲ್ 16ರಂದು ಹಾಪ್ಕಿಂಟನ್ ಶಾಲೆಯ ಮೈದಾನದಲ್ಲಿ ಹಿಮ ಬಿದ್ದಿತ್ತು, ಅದರ ಮೇಲೆ ಮಳೆ ಸುರಿದು, ಸಾವಿರಾರು ಜನ ತುಳಿದು, ನೆಟ್ಟಿ ಗದ್ದೆಯಾಗಿತ್ತು. ತಾಪಮಾನ ಮೂರು-ನಾಲ್ಕು ಡಿಗ್ರಿ ಸೆಲ್ಸಿಯಸ್. ಗಾಳಿ ಎದುರಿನಿಂದ, ಮಳೆಯನ್ನ ಅಡ್ಡಡ್ಡ ಹೊಡೀತಾ ಇತ್ತು. ಜನ ಶೂಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಕಸದ ಚೀಲಕ್ಕೆ ಮೂರು ತೂತು ಮಾಡಿ ತಲೆ-ಕೈ ತೂರಿಸಿಕೊಂಡು, ಟೆಂಟಿನ ಕೆಳಗೆ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ರು. ನಾವಿಬ್ಬರೂ ಹಾಗೇ.

ನಾವಿಬ್ಬರು ಅಂದ್ರೆ ನಾನು ಮತ್ತು ನನ್ನ ಗೆಳೆಯ. ಅವನು ಹಾಸನದ ಕಡೆಯವನು, ನಾನು ತೀರ್ಥಹಳ್ಳಿ ಕಡೆಯವನು. ಬಾಸ್ಟನ್ ಓಡೋಕೆ ಬೇಕಾದ ವೇಗ ನಮ್ಮಿಬ್ಬರಿಗೂ ಇರಲಿಲ್ಲ, ಇವತ್ತಿಗೂ ಇಲ್ಲ. ಒಂದು ಧರ್ಮಾರ್ಥ ಸಂಸ್ಥೆಯ ಹೆಸರಲ್ಲಿ ದುಡ್ಡು ಕೂಡಿಸಿ ನಂಬರ್ ಪಡೆದಿದ್ವಿ. ಆ ಚಳಿಗಾಲ ಇಡೀ ಪ್ರತಿ ಶನಿವಾರ ಬೆಳಿಗ್ಗೆ ಆರಕ್ಕೆ ಒಟ್ಟಿಗೆ ಓಡಿದೀವಿ. ಐದು ತಿಂಗಳು ಒಬ್ಬ ಮನುಷ್ಯನ ಉಸಿರಿನ ಸದ್ದು ಕೇಳ್ತಾ ಓಡಿದ್ರೆ ಅವನ ಬಗ್ಗೆ ಅವನ ಡಾಕ್ಟರಿಗಿಂತ ಜಾಸ್ತಿ ಗೊತ್ತಾಗುತ್ತೆ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮಳೆ ಅಂದ್ರೆ ನನಗೆ ಭಯ ಇರಲಿಲ್ಲ. ಆಗುಂಬೆಯ ಬುಡದಲ್ಲಿ ಹುಟ್ಟಿದವನು, ಮಳೆಗೆ ಹೆದರ್ತೀನಾ ಅಂತ ಬಡಾಯಿ ಕೊಚ್ಚಿಕೊಂಡಿದ್ದೆ. ಆದ್ರೆ ನಮ್ಮೂರಿನ ಜುಲೈ ಮಳೆ ಎಷ್ಟೇ ಜಡಿದ್ರೂ ಇಪ್ಪತ್ತು ಡಿಗ್ರಿಯ ಆಸುಪಾಸಿನ ಮಳೆ. ನೆನೆದರೆ ಶೀತ ಆಗುತ್ತೆ, ಅಜ್ಜಿ ಮೆಣಸಿನ ಕಷಾಯ ಕುಡಿಸ್ತಾಳೆ, ಮುಗೀತು. ಈ ಮಳೆ ಬೇರೆ ಜಾತಿಯದು. ಎರಡನೇ ಮೈಲಿಗೆ ಕೈಬೆರಳುಗಳು ನನ್ನವಲ್ಲ ಅನ್ನಿಸಿತು. ಎಂಟನೇ ಮೈಲಿಯಲ್ಲಿ ಜೇಬಿನಿಂದ ಖರ್ಜೂರ ತೆಗೆಯೋಕೆ ಹೋದ್ರೆ ಬೆರಳು ಮಡಚಲಿಲ್ಲ. ರಸ್ತೆ ಬದಿ ನಿಂತಿದ್ದ ಒಬ್ಬ ಹೆಂಗಸಿನ ಹತ್ತಿರ ಜೇಬಿಗೆ ಕೈ ಹಾಕಿಸಿ, ಮಗುವಿಗೆ ತಿನ್ನಿಸಿದ ಹಾಗೆ ಬಾಯಿಗೆ ಹಾಕಿಸಿಕೊಂಡೆ. (ಇಲ್ಲಿ ಎಲ್ಲರೂ ನಗ್ತಾರೆ.)

ಹದಿನೇಳೂವರೆ ಮೈಲಿಗೆ ನ್ಯೂಟನ್ನಿನ ಅಗ್ನಿಶಾಮಕ ಠಾಣೆಯ ಹತ್ತಿರ ರಸ್ತೆ ಬಲಕ್ಕೆ ತಿರುಗಿ ಏರು ಶುರುವಾಗುತ್ತೆ. ಅಲ್ಲಿಂದ ಗೆಳೆಯ ಮಾತು ನಿಲ್ಲಿಸಿದ. ಇಡೀ ದಾರಿ ಬೈಕೊಂಡು ಬರ್ತಿದ್ದವನು, ಮಳೆಗೆ, ಗಾಳಿಗೆ, ನನಗೆ, ತನ್ನ ಹಣೆಬರಹಕ್ಕೆ ಬೈತಾ ಇದ್ದವನು, ಸುಮ್ಮನಾದ. ಮೂವತ್ತು ಕಿಲೋಮೀಟರಿನ ಮ್ಯಾಟ್ ದಾಟಿದ ಮೇಲೆ ಅವನ ಹೆಜ್ಜೆ ಅಡ್ಡಾದಿಡ್ಡಿ ಆಗ್ತಿತ್ತು. ನ್ಯೂಟನ್ ಸಿಟಿ ಹಾಲ್ ಹತ್ತಿರ ನಿಂತುಬಿಟ್ಟ. ಮೈಯೆಲ್ಲ ನಡುಗ್ತಾ ಇತ್ತು. "ಏನಾಯ್ತೋ?" ಅಂದೆ. "ನೀನ್ ಹೋಗು. ನಾನ್ ಬತ್ತೀನಿ" ಅಂದ. 'ಬತ್ತೀನಿ' ಅನ್ನೋ ಪದ ಬಾಯಲ್ಲಿ ಅಡಿಕೆ ಇಟ್ಟುಕೊಂಡವನ ಹಾಗೆ ಹೊರಗೆ ಬಂತು. ಸ್ವಲ್ಪ ಮುಂದೆ ವೈದ್ಯಕೀಯ ಟೆಂಟ್ ಕಾಣ್ತಿತ್ತು. ಹಳದಿ ಜಾಕೆಟ್ಟಿನ ಸ್ವಯಂಸೇವಕಿ ಒಬ್ಬಳು ಆಗಲೇ ನಮ್ಮ ಕಡೆ ನಡೆದು ಬರ್ತಿದ್ಲು. ನಾನು ಅವನ ಬೆನ್ನು ತಟ್ಟಿದೆ. ಓಡಿದೆ.

ಇಷ್ಟೇ. ಎಲ್ಲ ಸೇರಿ ಇಪ್ಪತ್ತು ಸೆಕೆಂಡು ಇರಬಹುದು.

ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಬಾಯ್ಲ್‌ಸ್ಟನ್ ಬೀದಿಯ ಗೆರೆ ದಾಟಿದೆ. ಯಾರೋ ಮೆಡಲ್ ಕೊರಳಿಗೆ ಹಾಕಿದ್ರು, ಯಾರೋ ಬೆಳ್ಳಿ ಬಣ್ಣದ ಹಾಳೆ ಹೊದಿಸಿದ್ರು. ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಫೋನ್ ಆನ್ ಮಾಡೋಕೆ ಇನ್ನೊಬ್ಬರ ಬೆರಳು ಬೇಕಾಯ್ತು. ಆನ್ ಆದ ತಕ್ಷಣ ಗೆಳೆಯನ ಹೆಂಡತಿಯ ಕರೆ. ಆಕೆ ಎರಡು ಗಂಟೆಯಿಂದ ಅದೇ ಬೀದಿಯಲ್ಲಿ ಆ ಮಳೆಯಲ್ಲಿ ನಿಂತಿದ್ರು. ಆ್ಯಪ್‌ನಲ್ಲಿ ನನ್ನ ಹೆಸರು ಮುಂದೆ ಹೋಗ್ತಾ ಇತ್ತು, ಅವನ ಹೆಸರು 30 ಕಿಲೋಮೀಟರಿನಲ್ಲೇ ನಿಂತಿತ್ತು. ಆಕೆ ಕೂಗಾಡಲಿಲ್ಲ. ತುಂಬ ಮೆಲ್ಲಗೆ ಕೇಳಿದ್ರು: "ಅವರನ್ನ ಎಲ್ಲಿ ಬಿಟ್ಟು ಬಂದ್ರಿ?"

ನನಗೆ ಉತ್ತರ ಗೊತ್ತಿರಲಿಲ್ಲ. ಯಾವ ಟೆಂಟು, ಎಷ್ಟನೇದು, ಅವನು ಟೆಂಟಿನ ಒಳಗೆ ಹೋದನಾ ಇಲ್ವಾ, ಏನೂ ನೋಡಿರಲಿಲ್ಲ. "ನ್ಯೂಟನ್ ಹತ್ತಿರ ಎಲ್ಲೋ" ಅಂದೆ. ನ್ಯೂಟನ್ ಅಂದ್ರೆ ಓಟದ ದಾರಿಯಲ್ಲಿ ಹಲವಾರು ಮೈಲಿ ಉದ್ದದ ಊರು.

ಅವನು ಸಿಕ್ಕಿದ, ಚೆನ್ನಾಗಿದ್ದ. ಒಣ ಬಟ್ಟೆ, ಕಂಬಳಿ, ಬಿಸಿ ಸೂಪು ಕೊಟ್ಟು, ಒಂದು ಗಂಟೆ ಕೂರಿಸಿ, ಬಸ್ಸು ಹತ್ತಿಸಿ ಕಳಿಸಿದ್ರು. ಆರೂವರೆಗೆ ಅವನೇ ಫೋನ್ ಮಾಡಿದ. ರಾತ್ರಿ ಅವರ ಮನೆಯಲ್ಲೇ ಬಿಸಿಬಿಸಿ ಸಾರು-ಅನ್ನ ಊಟ ಮಾಡಿದ್ವಿ. ಹಾಗಾಗಿ ಇದು ನಗೋ ಕಥೆ ಆಯ್ತು. ಹಾಗಾಗಿ ಅಷ್ಟೇ.

ಈ 'ಹಾಗಾಗಿ' ನನ್ನನ್ನ ಇಷ್ಟು ವರ್ಷ ಕಾಡ್ತಾ ಇದೆ.

ನನ್ನ ಪರವಾಗಿ ನಾನೇ ವಾದ ಮಾಡಿಕೊಂಡದ್ದು ಸಾಕಷ್ಟಿದೆ. ಅವನು ದೊಡ್ಡವನು, ಎರಡು ಮಕ್ಕಳ ತಂದೆ, ತನ್ನ ದೇಹದ ಬಗ್ಗೆ ತಾನು ತೀರ್ಮಾನ ಮಾಡಬಲ್ಲವನು. ನಾನು ಡಾಕ್ಟರ್ ಅಲ್ಲ, ನಿಂತಿದ್ರೂ ಏನು ಮಾಡ್ತಿದ್ದೆ? ಸಹಾಯಕ್ಕೆ ಜನ ಬರ್ತಾ ಇದ್ರು. ನಿಂತಿದ್ರೆ ನಾನೂ ಅಲ್ಲೇ ಹೆಪ್ಪುಗಟ್ಟಿ ಟೆಂಟಿಗೆ ಇನ್ನೊಬ್ಬ ರೋಗಿ ಆಗ್ತಿದ್ದೆ. ಎಲ್ಲಕ್ಕಿಂತ ಮುಖ್ಯ, ಅವನೇ ಹೋಗು ಅಂದ. ಹೋದೆ.

ಈ ಕೊನೆಯ ವಾದ ಇದೆಯಲ್ಲ, ಅದನ್ನೇ ನಾನು ಹೆಚ್ಚು ನಂಬಿಕೊಂಡಿದ್ದೆ. ಆಮೇಲೆ ಹೈಪೋಥರ್ಮಿಯಾ ಬಗ್ಗೆ ಓದಿದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗೆ ಇಳಿಯೋಕೆ ಶುರುವಾದಾಗ ಮೊದಲು ಕೈ ಕೈಕೊಡುತ್ತೆ, ಆಮೇಲೆ ನಾಲಿಗೆ ತೊದಲುತ್ತೆ, ಕಾಲು ತಡವರಿಸುತ್ತೆ, ಜೊತೆಗೇ ಬುದ್ಧಿ ಮಂಕಾಗುತ್ತೆ. ನಡುಗ್ತಾ ಇರೋದು ಇನ್ನೂ ಒಳ್ಳೆಯ ಲಕ್ಷಣ. ನಡುಕ ನಿಂತರೆ ಅಪಾಯ. ಅಂದ್ರೆ ಆ ಹೊತ್ತಿನಲ್ಲಿ 'ನೀನು ಹೋಗು, ನಾನು ಬರ್ತೀನಿ' ಅಂದ ಮನುಷ್ಯ, ಆ ತೀರ್ಮಾನ ಮಾಡೋ ಸ್ಥಿತಿಯಲ್ಲೇ ಇರಲಿಲ್ಲ. ಕುಡಿದವನು 'ಗಾಡಿ ನಾನೇ ಓಡಿಸ್ತೀನಿ' ಅಂದ್ರೆ ನಾವು ಕೀಲಿ ಕೊಡ್ತೀವಾ? ಅವನ ಮಾತಿನ ಅರ್ಥವನ್ನ ಮಾತ್ರ ತಗೊಂಡೆ, ಮಾತು ಹೊರಬಂದ ರೀತಿಯನ್ನ ಬಿಟ್ಟೆ. ಐದು ತಿಂಗಳು ಅವನ ಉಸಿರು ಕೇಳಿದವನು ನಾನು. ಅವನು ಸುಮ್ಮನಾದ ಅನ್ನೋದೇ ದೊಡ್ಡ ಸುದ್ದಿ ಅಂತ ಆ ಸ್ವಯಂಸೇವಕಿಗೆ ಹೇಗೆ ಗೊತ್ತಾಗಬೇಕು? ನನಗೆ ಗೊತ್ತಿತ್ತು.

ನನ್ನ ಬುದ್ಧಿಯೂ ಮಂಕಾಗಿತ್ತಲ್ಲ, ಅಂತ ನೀವು ಕೇಳಬಹುದು. ಇರಬಹುದು. ಆದ್ರೆ ಇಲ್ಲಿ ಒಂದು ನಿಜ ಹೇಳಿಬಿಡ್ತೀನಿ. ಅವನು ಹೋಗು ಅಂದಾಗ ನನಗೆ ಆದದ್ದು ದುಃಖ ಅಲ್ಲ, ಗೊಂದಲ ಅಲ್ಲ, ನಿರಾಳ. ಅವನು ಮೆಲ್ಲಗಾಗಿದ್ದರಿಂದ ನಾನೂ ಎರಡು ಮೈಲಿ ಮೆಲ್ಲಗಾಗಿದ್ದೆ, ಚಳಿ ಹತ್ತಿತ್ತು. ಆ ಮಾತು ನನಗೆ ರಜಾಚೀಟಿ ಸಿಕ್ಕ ಹಾಗೆ ಕೇಳಿಸಿತು. ಮಂಕಾದ ಬುದ್ಧಿ ಅಷ್ಟು ಚುರುಕಾಗಿ ರಜಾಚೀಟಿಯನ್ನ ಗುರುತಿಸುತ್ತಾ?

ಅದೇ ದಿನ, ಅದೇ ರಸ್ತೆಯಲ್ಲಿ, ನಮಗಿಂತ ಮುಂಚೆ ಇನ್ನೊಂದು ಘಟನೆ ನಡೆದಿತ್ತು. ಓಟದ ಬಗ್ಗೆ ಆಸಕ್ತಿ ಇರೋರಿಗೆ ಗೊತ್ತಿರುತ್ತೆ, ಆದ್ರೂ ಹೇಳ್ತೀನಿ. ಮಹಿಳೆಯರ ಮುಂಚೂಣಿ ಗುಂಪಿನಲ್ಲಿ ಡೆಸ್ ಲಿಂಡೆನ್ ಇದ್ದಳು. 2011ರಲ್ಲಿ ಇದೇ ಬಾಸ್ಟನ್ನಿನಲ್ಲಿ ಬರೀ ಎರಡು ಸೆಕೆಂಡಿನಿಂದ ಮೊದಲ ಸ್ಥಾನ ಕಳೆದುಕೊಂಡವಳು. ಆ ದಿನ ಶುರುವಿನಲ್ಲೇ ಅವಳ ಮೈ ಸರಿ ಇರಲಿಲ್ಲ, ಬಿಟ್ಟುಬಿಡೋಣ ಅಂತ ಯೋಚಿಸ್ತಿದ್ದಳು. ಪಕ್ಕದಲ್ಲಿ ಓಡ್ತಿದ್ದ ಶಲೇನ್ ಫ್ಲಾನಗನ್‌ಗೆ, ನಾನು ಇವತ್ತು ಮುಗಿಸೋ ಹಾಗೆ ಕಾಣಲ್ಲ, ಗಾಳಿಗೆ ಅಡ್ಡ ನಿಲ್ಲೋದೋ ಏನಾದ್ರೂ ಸಹಾಯ ಬೇಕಿದ್ರೆ ಹೇಳು ಅಂದಳಂತೆ. ದಾರಿಯಲ್ಲಿ ಫ್ಲಾನಗನ್ ಶೌಚಾಲಯಕ್ಕೆ ಓಡಬೇಕಾಯ್ತು. ಅವಳು ಹೊರಗೆ ಬರೋವರೆಗೆ ಲಿಂಡೆನ್ ವೇಗ ಇಳಿಸಿ ಕಾದು, ಗಾಳಿಗೆ ತಾನು ಎದುರಾಗಿ, ಅವಳನ್ನ ಗುಂಪಿಗೆ ವಾಪಸ್ ಸೇರಿಸಿದಳು. ಆಮೇಲೆ ಹಾಗೇ ಓಡ್ತಾ ಓಡ್ತಾ ಲಿಂಡೆನ್ನೇ ಗೆದ್ದಳು, 2 ಗಂಟೆ 39 ನಿಮಿಷ 54 ಸೆಕೆಂಡಿಗೆ. 1985ರ ನಂತರ ಬಾಸ್ಟನ್ ಗೆದ್ದ ಮೊದಲ ಅಮೆರಿಕನ್ ಮಹಿಳೆ. ಎರಡನೇ ಸ್ಥಾನಕ್ಕೆ ಬಂದ ಸಾರಾ ಸೆಲ್ಲರ್ಸ್ ಆಗ ಅರಿಜೋನಾದ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡೋ ನರ್ಸ್, ಅದು ಅವಳ ಎರಡನೇ ಮ್ಯಾರಥಾನ್. ಗಂಡಸರಲ್ಲಿ ಗೆದ್ದ ಯೂಕಿ ಕವಾಉಚಿ ಆಗ ಜಪಾನಿನ ಸೈತಾಮಾದಲ್ಲಿ ಸರ್ಕಾರಿ ನೌಕರನಾಗಿದ್ದ. ಹೆಸರುವಾಸಿ ವೃತ್ತಿಪರರು ಎಷ್ಟೋ ಜನ ಮಧ್ಯದಲ್ಲೇ ಬಿಟ್ಟಿದ್ರು.

ಈ ಕಥೆಯನ್ನ ಇಲ್ಲಿ ಕಾರ್ಪೊರೇಟ್ ಟ್ರೈನಿಂಗ್‌ಗಳಲ್ಲಿ ಹೇಳೋದು ಕೇಳಿದೀನಿ: ನೋಡಿ, ಬೇರೆಯವರಿಗೆ ಸಹಾಯ ಮಾಡಿದವಳೇ ಗೆದ್ದಳು! ಕೇಳಿದಾಗೆಲ್ಲ ಸಿಟ್ಟು ಬರುತ್ತೆ. ಅವಳು ಹದಿನೈದನೇ ಸ್ಥಾನಕ್ಕೆ ಬಂದಿದ್ರೆ, ಅಥವಾ ಇಪ್ಪತ್ತನೇ ಮೈಲಿಯಲ್ಲಿ ಬಸ್ಸು ಹತ್ತಿದ್ರೆ, ಕಾದ ಆ ಕೆಲಸದ ಬೆಲೆ ಕಮ್ಮಿ ಆಗ್ತಿತ್ತಾ? ಕಾಯೋವಾಗ ಗೆಲುವು ಅವಳ ಲೆಕ್ಕದಲ್ಲೇ ಇರಲಿಲ್ಲ. ಅದೇ ನನಗೆ ಕುತೂಹಲದ ವಿಷಯ. ಮುಗಿಸಲೇಬೇಕು ಅನ್ನೋದನ್ನ ಅವಳು ಕೈಬಿಟ್ಟಿದ್ದಳು, ಆದ್ದರಿಂದ ಅವಳ ಕಣ್ಣು ಪಕ್ಕಕ್ಕೆ ತಿರುಗೋಕೆ ಜಾಗ ಸಿಕ್ತು. ನನ್ನ ಕಣ್ಣಲ್ಲಿ ಬಾಯ್ಲ್‌ಸ್ಟನ್ ಬೀದಿ ಬಿಟ್ಟು ಬೇರೆ ಏನೂ ಇರಲಿಲ್ಲ.

ಫಲ ಬಿಟ್ಟು ಕರ್ಮ ಮಾಡು ಅನ್ನೋ ಶ್ಲೋಕ ಈಗ ಬರುತ್ತೆ ಅಂತ ಕಾಯ್ತಿರೋರಿಗೆ ಕ್ಷಮೆ ಇರಲಿ. ಅದನ್ನ ನಾನು ತರಲ್ಲ. ನಮ್ಮ ಕಡೆಯ ಪ್ರತಿ ಮದುವೆ ಭಾಷಣದಲ್ಲೂ ಅದು ಬಂದು ಬಂದು ಸವೆದುಹೋಗಿದೆ. ಅಲ್ಲದೆ ಅದು ನನಗೆ ಅನುಕೂಲವಾಗಿಬಿಡುತ್ತೆ: ನಿನ್ನ ಕೆಲಸ ಓಡೋದು, ನೀನು ಓಡಿದೆ. ಆದ್ರೆ ಆ ಕ್ಷಣದಲ್ಲಿ ನನ್ನ ಕೆಲಸ ಯಾವುದು ಅನ್ನೋದೇ ಪ್ರಶ್ನೆ.

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಅನ್ನೋ ಇಬ್ಬರು ತತ್ವಜ್ಞಾನಿಗಳು ಒಂದು ಸಮಸ್ಯೆ ಎತ್ತಿದ್ರು, 'ನೈತಿಕ ಅದೃಷ್ಟ' ಅಂತ ಅದಕ್ಕೆ ಹೆಸರು. ಸರಳವಾಗಿ ಹೇಳಬೇಕಂದ್ರೆ ಹೀಗೆ. ಇಬ್ಬರು ಡ್ರೈವರ್‌ಗಳು ಒಂದೇ ಥರ ಅಜಾಗರೂಕರಾಗಿ ಲಾರಿ ಓಡಿಸ್ತಾರೆ. ಒಬ್ಬನ ಮುಂದೆ ಯಾರೂ ಬರಲ್ಲ, ಅವನು ಮನೆಗೆ ಹೋಗಿ ಮಲಗ್ತಾನೆ. ಇನ್ನೊಬ್ಬನ ಮುಂದೆ ಒಂದು ಮಗು ಓಡಿ ಬರುತ್ತೆ. ಇಬ್ಬರೂ ಮಾಡಿದ್ದು ಒಂದೇ. ಆದ್ರೆ ಒಬ್ಬನನ್ನ ನಾವು ಕೊಲೆಗಾರ ಅನ್ನೋ ಹಾಗೆ ನೋಡ್ತೀವಿ, ಅವನೂ ತನ್ನನ್ನ ಹಾಗೇ ನೋಡಿಕೊಳ್ತಾನೆ. ತನ್ನ ಕೈಯಲ್ಲಿಲ್ಲದ ಸಂಗತಿಗೆ ಮನುಷ್ಯ ಜವಾಬ್ದಾರನಲ್ಲ ಅಂತ ನಾವೆಲ್ಲ ಬಾಯಲ್ಲಿ ಹೇಳ್ತೀವಿ. ತೀರ್ಪು ಕೊಡೋವಾಗ ಮಾತ್ರ ಆ ಮಗು ಬಂತಾ ಇಲ್ವಾ ಅನ್ನೋದರ ಮೇಲೇ ಎಲ್ಲ ನಿಲ್ಲುತ್ತೆ.

ನಾನು ಮಗು ಅಡ್ಡ ಬರದ ಡ್ರೈವರ್.

ಮಗು ಅಡ್ಡ ಬಂದಿದ್ದರೆ ಹೇಗಿರ್ತಿತ್ತು ಅಂತ ಊಹಿಸೋಕೆ ಕಷ್ಟಪಡಬೇಕಾಗಿಲ್ಲ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದ ಬೈಯಿನ್ ಹತ್ತಿರ, ಹಳದಿ ನದಿಯ ಪಕ್ಕದ ಗುಡ್ಡಗಳಲ್ಲಿ ನೂರು ಕಿಲೋಮೀಟರ್ ಓಟ ನಡೀತು. 172 ಜನ ಓಡಿದ್ರು. ಎತ್ತರದ ಏರಿನಲ್ಲಿದ್ದಾಗ ಹವಾಮಾನ ದಿಢೀರ್ ತಿರುಗಿ ಆಲಿಕಲ್ಲು, ಕೊರೆಯೋ ಮಳೆ, ನಿಲ್ಲಲಾಗದ ಗಾಳಿ. ಬಹಳಷ್ಟು ಜನರ ಮೈಮೇಲೆ ತೆಳು ಅಂಗಿ, ಚಡ್ಡಿ. 21 ಜನ ಸತ್ತರು, ಅದರಲ್ಲಿ ಆ ದೇಶದ ಅತ್ಯುತ್ತಮ ದೂರದ ಓಟಗಾರರೂ ಇದ್ದರು. ಸಂಘಟಕರ ತಪ್ಪು ಏನು ಅನ್ನೋದು ಆಮೇಲೆ ದೊಡ್ಡ ವಿಚಾರಣೆಯೇ ಆಯ್ತು, ಅದು ಬೇರೆ ಮಾತು. ನನ್ನ ತಲೆಯಲ್ಲಿ ಉಳಿದದ್ದು ಝೂ ಕೆಮಿಂಗ್ ಅನ್ನೋ ಕುರಿಗಾಹಿ. ಮಳೆ ಬಂತು ಅಂತ ಒಂದು ಗುಹೆಯಲ್ಲಿ ಕೂತಿದ್ದ. ಹೊರಗೆ ನೋಡಿದ್ರೆ ಒಬ್ಬ ಓಟಗಾರ ಅಲುಗಾಡದೆ ನಿಂತಿದಾನೆ. ಹೋಗಿ ಕೈಹಿಡಿದು ಒಳಗೆ ಕರೆತಂದ, ಬೆಂಕಿ ಹಾಕಿದ, ಇನ್ನಷ್ಟು ಜನರನ್ನ ತಂದ. ಒಟ್ಟು ಆರು ಜನ ಉಳಿದ್ರು.

ಆ ಕುರಿಗಾಹಿ ಯಾವ ಓಟದಲ್ಲೂ ಇರಲಿಲ್ಲ. ಅವನು ದಾಟಬೇಕಾದ ಗೆರೆ ಎಲ್ಲೂ ಇರಲಿಲ್ಲ. ಆದ್ದರಿಂದಲೇ 'ಯಾಕೆ ಈ ಮನುಷ್ಯ ನಿಂತಿದಾನೆ' ಅನ್ನೋದು ಅವನ ಕಣ್ಣಿಗೆ ಬಿತ್ತು ಅಂತ ನನಗೆ ಅನ್ನಿಸುತ್ತೆ. ಅಲ್ಲಿ ಓಡ್ತಿದ್ದವರನ್ನ ನಾನು ದೂರ್ತಾ ಇಲ್ಲ. ಅವರಲ್ಲೂ ಒಬ್ಬರಿಗೊಬ್ಬರು ಆಸರೆಯಾದವರಿದ್ದರು. ನನ್ನನ್ನ ಹೇಳ್ತಾ ಇದೀನಿ. ಗೆಳೆಯ ನಿಂತದ್ದನ್ನ ನಾನು ನೋಡಿದ್ದು 'ನನ್ನ ಓಟಕ್ಕೆ ಬಂದ ಅಡ್ಡಿ' ಅಂತ. ಮೊದಲ ನೋಟದಲ್ಲಿ ಹಾಗೆ.

ಹಾಗಾದ್ರೆ ಮುಗಿಸೋದೇ ಕೆಟ್ಟದ್ದಾ? ಅದು ಬೇರೆ ಥರದ ಸುಳ್ಳಾಗುತ್ತೆ. ಕೊನೆಯ ಏಳು ಮೈಲಿಯಲ್ಲಿ ನನಗೆ ಏನೋ ಸಿಕ್ತು. ಹಾರ್ಟ್‌ಬ್ರೇಕ್ ಹಿಲ್ ಅನ್ನೋ ಏರಿನಲ್ಲಿ, ಬೆರಳು ಸತ್ತು, ತೊಡೆ ಕಲ್ಲಾಗಿ, ಪ್ರತಿ ಕಂಬವನ್ನ ಎಣಿಸಿಕೊಂಡು ಹೋಗ್ತಿದ್ದಾಗ, ನನ್ನೊಳಗೆ ಇಷ್ಟು ಇದೆ ಅಂತ ನನಗೇ ಗೊತ್ತಿರಲಿಲ್ಲ ಅನ್ನೋ ಥರದ ಸಂತೋಷ. ಅದು ನಿಜ. ಅದನ್ನ ಅಲ್ಲಗಳೆಯಲ್ಲ. ಅದಕ್ಕೆ ಕನ್ನಡದಲ್ಲಿ ಒಳ್ಳೆಯ ಪದ ಇದೆ, ಛಲ. ಪಕ್ಕದಲ್ಲೇ ಇನ್ನೊಂದು ಪದ, ಹಠ. ಇನ್ನೂ ಆಚೆಗೆ ಮೊಂಡುತನ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜಾತಿ. ಛಲ ಎಲ್ಲಿ ಮುಗಿದು ಹಠ ಎಲ್ಲಿ ಶುರುವಾಗುತ್ತೆ? ನಮ್ಮ ಆದಿಕವಿ ಪಂಪ ಭಾರತದ ಕಥೆ ಹೇಳಿ ಮುಗಿಸುವಾಗ ಯಾವ ಗುಣಕ್ಕೆ ಯಾರು ಅಂತ ಪಟ್ಟಿ ಮಾಡ್ತಾನಲ್ಲ, ಅಲ್ಲಿ ಛಲಕ್ಕೆ ಹೆಸರಿಸೋದು ದುರ್ಯೋಧನನನ್ನ. ಶಾಲೆಯಲ್ಲಿ ಇದನ್ನ ಓದುವಾಗ, ಖಳನಾಯಕನನ್ನೂ ಹೊಗಳೋ ಕವಿಯ ದೊಡ್ಡತನ ಅಂತ ಮೇಷ್ಟ್ರು ಹೇಳಿದ್ರು. ಈಗ ಓದಿದ್ರೆ ಬೇರೆ ಅನ್ನಿಸುತ್ತೆ. ಛಲಕ್ಕೆ ಅವನಷ್ಟು ಸರಿಯಾದ ಉದಾಹರಣೆ ಇನ್ನೊಂದು ಸಿಗಲ್ಲ, ಅದರ ಬೆಲೆಯನ್ನೂ ಸೇರಿಸಿ. ಕೊನೆಯವರೆಗೂ ಬಿಡಲಿಲ್ಲ. ಅವನ ಪಕ್ಕದಲ್ಲಿ ಓಡಿದವರು ಒಬ್ಬೊಬ್ಬರಾಗಿ ಬಿದ್ದುಹೋದರು, ಆಗಲೂ ಬಿಡಲಿಲ್ಲ.

ಆ ಸಂಜೆ ಅಮ್ಮನಿಗೆ ಫೋನ್ ಮಾಡಿದ್ದೆ. ಅಲ್ಲಿ ಬೆಳಗಿನ ಜಾವ. ಮಳೆ, ಚಳಿ, ಇಪ್ಪತ್ತಾರು ಮೈಲಿ, ಎಲ್ಲ ವರ್ಣಿಸಿದೆ. ಕೇಳಿ ಅಮ್ಮ ಅಂದದ್ದು, "ಯಾರು ಓಡು ಅಂದಿದ್ರೋ ನಿಂಗೆ?" ತಮಾಷೆಯಾಗಿ ಕೇಳಲಿಲ್ಲ. ನಿಜವಾಗ್ಲೂ ಅರ್ಥ ಆಗಿರಲಿಲ್ಲ ಅವಳಿಗೆ. ನಮ್ಮ ಮನೆ ಗದ್ದೆಗೆ ನೆಟ್ಟಿಗೆ ಬರ್ತಿದ್ದ ಹೆಂಗಸರು, ತಲೆ ಮೇಲೆ ಗೊರಬೋ ಕಂಬಳಿ ಕೊಪ್ಪೆಯೋ ಹಾಕಿಕೊಂಡು, ಮೊಣಕಾಲವರೆಗೆ ಕೆಸರಲ್ಲಿ, ಬೆಳಿಗ್ಗೆಯಿಂದ ಸಂಜೆವರೆಗೆ ಬಗ್ಗಿ ನಿಂತು ನೆಡ್ತಿದ್ರು. ಕಿತ್ತಿಟ್ಟ ಅಗೆ ಒಣಗೋಕೆ ಬಿಡಬಾರದು, ಅದಕ್ಕೆ ಮುಗಿಸಬೇಕು. ಅವರಿಗೆ ಮೆಡಲ್ ಯಾರೂ ಹಾಕಲಿಲ್ಲ, ಹವಾಮಾನವನ್ನ ಗೆದ್ದೆವು ಅಂತ ಅವರೂ ಹೇಳಿಕೊಳ್ಳಲಿಲ್ಲ. ಹೆಚ್ಚಂದ್ರೆ "ಈ ಸಲ ಮಳೆ ಜೋರು" ಅಂದಿರಬಹುದು. ಮತ್ತೊಂದು ವಿಷಯ ಈಗ ನೆನಪಾಗುತ್ತೆ. ಸಾಲಿನಲ್ಲಿ ಯಾರಾದ್ರೂ ಹಿಂದೆ ಬಿದ್ರೆ, ವಯಸ್ಸಾದವರೋ, ಹುಷಾರಿಲ್ಲದವರೋ, ಪಕ್ಕದವಳು ಬಾಯಿ ಬಿಡದೆ ತನ್ನ ಸಾಲನ್ನ ಒಂದು ಮೊಳ ಅಗಲ ಮಾಡಿಕೊಳ್ತಿದ್ಲು. ಅದನ್ನ ಸಹಾಯ ಅಂತ ಕರೆದದ್ದು ನಾನು ಕೇಳಿಲ್ಲ.

ಅವರ ಕಷ್ಟವನ್ನ ಚಂದ ಮಾಡಿ ತೋರಿಸೋದು ನನ್ನ ಉದ್ದೇಶ ಅಲ್ಲ. ಅವರಿಗೆ ಬೇರೆ ದಾರಿ ಇದ್ದಿದ್ರೆ ಖಂಡಿತ ಆ ಮಳೆಯಲ್ಲಿ ನಿಲ್ತಿರಲಿಲ್ಲ. ನಾನೋ ಐದು ಸಾವಿರ ಡಾಲರಿಗಿಂತ ಜಾಸ್ತಿ ದುಡ್ಡು ಕೂಡಿಸಿ ಆ ಮಳೆಯಲ್ಲಿ ನಿಲ್ಲೋ ಹಕ್ಕು ಪಡೆದೆ. ಬರ್ನಾರ್ಡ್ ಸೂಟ್ಸ್ ಅನ್ನೋ ಲೇಖಕ 1978ರ ಒಂದು ಪುಸ್ತಕದಲ್ಲಿ ಆಟ ಅಂದ್ರೇನು ಅನ್ನೋದಕ್ಕೆ ಕೊಟ್ಟ ವಿವರಣೆಯ ಸಾರ ಇಷ್ಟು: ಬೇಕಾಗಿಲ್ಲದ ಅಡೆತಡೆಗಳನ್ನ ನಾವಾಗಿಯೇ ಒಪ್ಪಿಕೊಂಡು ದಾಟೋ ಪ್ರಯತ್ನ. ಹಾಪ್ಕಿಂಟನ್‌ನಿಂದ ಬಾಸ್ಟನ್‌ಗೆ ಹೋಗೋಕೆ ಕಾರಿದೆ. ನಾವು ಕಾರು ಬಿಟ್ಟು ಓಡ್ತೀವಿ, ಅದೇ ಆಟ. ಇದನ್ನ ಒಪ್ಪಿದ್ರೆ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತೆ. ನಾವಾಗಿಯೇ ಒಪ್ಪಿಕೊಂಡ ಅಡ್ಡಿಯನ್ನ ನಾವಾಗಿಯೇ ಕೆಳಗಿಡಬಹುದು. ನೆಟ್ಟಿಯ ಹೆಂಗಸರಿಗೆ ಇಲ್ಲದ ಆ ಸ್ವಾತಂತ್ರ್ಯ ನನಗಿತ್ತು. ವೃತ್ತಿಪರ ಓಟಗಾರರು ಆ ದಿನ ಅದನ್ನ ಸಲೀಸಾಗಿ ಬಳಸಿದ್ರು: ಇವತ್ತು ಆಗಲ್ಲ, ದೇಹವನ್ನ ಮುಂದಿನ ಓಟಕ್ಕೆ ಉಳಿಸಿಕೊಳ್ತೀನಿ ಅಂತ ಬಸ್ಸು ಹತ್ತಿದ್ರು. ಓಟದಿಂದ ಒಂದು ರೂಪಾಯಿ ಸಂಪಾದನೆ ಇಲ್ಲದ ನಾವೇ ಪ್ರಾಣ ಹೋಗೋ ಹಾಗೆ ಓಡಿದ್ದು. ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಆ ದಿನ ವೈದ್ಯಕೀಯ ಆರೈಕೆ ಬೇಕಾಯ್ತು.

ಯಾಕೆ ಹೀಗೆ? ನನ್ನ ಮಟ್ಟಿಗೆ ಉತ್ತರ ಅಷ್ಟೇನೂ ಗಂಭೀರವಲ್ಲ. ಯುಗಾದಿ ಕಾರ್ಯಕ್ರಮದಲ್ಲಿ ಸ್ಟೇಜ್ ಹತ್ತಿ 'ನಾವಿಬ್ಬರು ಬಾಸ್ಟನ್ ಓಡ್ತೀವಿ' ಅಂತ ಹೇಳಿ ದುಡ್ಡು ಕೇಳಿದ್ದೆ. ಮುಗಿಸಿಲ್ಲ ಅಂದ್ರೆ ದೀಪಾವಳಿಗೆ ಆ ಮುಖಗಳನ್ನ ಹೇಗೆ ನೋಡೋದು? ದುಡ್ಡು ಆಗಲೇ ಸಂಸ್ಥೆಗೆ ತಲುಪಿಯಾಗಿತ್ತು, ನಾನು ಮೊದಲ ಮೈಲಿಯಲ್ಲಿ ನಿಂತಿದ್ರೂ ಒಂದು ಡಾಲರ್ ವಾಪಸ್ ಹೋಗ್ತಿರಲಿಲ್ಲ. ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿರಲಿಲ್ಲ.

ಇನ್ನು ಒಂಟಿಯಾಗಿ ಮುಗಿಸೋದೇ ಮುಗಿಸೋದು ಅನ್ನೋದು ಈ ಆಟದ ನಿಯಮ ಕೂಡ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಮೊದಲಿಗನಾಗಿ ಕ್ರೀಡಾಂಗಣಕ್ಕೆ ಬಂದ, ಬಿಸಿಲಿಗೆ ತಲೆತಿರುಗಿ ಮತ್ತೆ ಮತ್ತೆ ಬಿದ್ದ, ಅಧಿಕಾರಿಗಳು ಎತ್ತಿ ಗೆರೆ ದಾಟಿಸಿದ್ರು. ಅವನನ್ನ ಅನರ್ಹಗೊಳಿಸಿ ಚಿನ್ನವನ್ನ ಎರಡನೆಯವನಾಗಿ ಬಂದ ಅಮೆರಿಕದ ಜಾನಿ ಹೇಯ್ಸ್‌ಗೆ ಕೊಟ್ರು. ನಿಯಮದ ಪ್ರಕಾರ ಸರಿಯೇ. ಆದ್ರೆ ಮರುದಿನ ರಾಣಿ ಅಲೆಕ್ಸಾಂಡ್ರಾ ಪಿಯೆಟ್ರಿಗೆ ಒಂದು ಕಪ್ ಕೊಟ್ಟಳು, ಜನ ಇವತ್ತಿಗೂ ನೆನಪಿಟ್ಟಿರೋದು ಅವನ ಹೆಸರನ್ನ. ಎತ್ತಿದವರ ಹೆಸರು ಎಷ್ಟು ಜನಕ್ಕೆ ಗೊತ್ತು? ಬಿದ್ದವನು ಸಾಯ್ತಾನೇನೋ ಅಂತ ಅನ್ನಿಸಿದಾಗ ನಿಯಮ ಪುಸ್ತಕ ಪಕ್ಕಕ್ಕಿಟ್ಟು ಕೈಕೊಟ್ಟವರು ಅವರು. ಅವರ ತಪ್ಪಿನಿಂದ ಅವನ ಪದಕ ಹೋಯ್ತು ಅಂತ ಬೈಸಿಕೊಂಡ್ರು ಕೂಡ.

ಹೋದ ವರ್ಷ ಇದನ್ನೆಲ್ಲ ಕೊನೆಗೂ ಗೆಳೆಯನ ಹತ್ತಿರ ಹೇಳಿದೆ. ಅವರ ಮನೆ ಹಿತ್ತಲಲ್ಲಿ ಕೂತಿದ್ವಿ, ಅವನು ಹೀರೇಕಾಯಿ ಬಳ್ಳಿಗೆ ಚಪ್ಪರ ಕಟ್ತಾ ಇದ್ದ. ನಾನು ಬಿಟ್ಟು ಹೋಗಬಾರದಿತ್ತು ಅಂದೆ. ಅವನು ದಾರ ಕಟ್ಟೋದನ್ನ ನಿಲ್ಲಿಸದೇ, "ನಾನ್ ಹೋಗು ಅಂದಿದ್ದು ನಂಗ್ ಗ್ಯಾಪ್ಕನೇ ಇಲ್ಲ ಕಣೋ" ಅಂದ.

ನಾನು ಸುಮ್ಮನಾದೆ. ಇಷ್ಟು ವರ್ಷ ನಾನು ಹಿಡಿದುಕೊಂಡಿದ್ದ ರಜಾಚೀಟಿಗೆ ಸಹಿಯೇ ಇರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ, ಸಿಟ್ಟು ಇಲ್ಲ, ಯಾವತ್ತೂ ಇರಲಿಲ್ಲ ಅಂತ. ತನ್ನ ಹೆಂಡತಿಗೆ ಒಂದು ವರ್ಷ ಇತ್ತು ಅಂತಲೂ ಹೇಳಿದ. ನನಗದು ಗೊತ್ತಿರಲಿಲ್ಲ. ಆ ವರ್ಷ ಅವರ ಮನೆಯಲ್ಲಿ ಎಷ್ಟು ಸಲ ಕಾಫಿ ಕುಡಿದಿದೀನಿ. ಒಂದು ಸಲವೂ ಕಪ್ಪು ಜೋರಾಗಿ ಇಟ್ಟವರಲ್ಲ ಆಕೆ. ಕ್ಷಮೆ ಕೇಳೋಣ ಅಂತ ಒಳಗೆ ಹೋದೆ. ಆಕೆ ಮಾತನ್ನ ಪೂರ್ತಿ ಕೇಳಿಸಿಕೊಂಡು, "ಈಗ ಹೇಳಿದ್ರಲ್ಲ, ಇರ್ಲಿ ಬಿಡಿ" ಅಂದ್ರು. ಬಿಟ್ಟರಾ ಇಲ್ವಾ ಅಂತ ನನಗೆ ಹೇಳೋಕೆ ಬರಲ್ಲ.

ಆಮೇಲೆ ನಾವಿಬ್ಬರು ಒಂದು ಒಪ್ಪಂದ ಮಾಡಿಕೊಂಡ್ವಿ. ಚಳಿಯಲ್ಲಿ ಬುದ್ಧಿ ಕೆಡುತ್ತೆ, ಆಗ ತೀರ್ಮಾನ ಮಾಡೋಕೆ ಹೋಗಬಾರದು, ಬುದ್ಧಿ ನೆಟ್ಟಗಿರುವಾಗಲೇ ಮಾಡಿಟ್ಟುಕೊಳ್ಳಬೇಕು. ಹಾಡು ಕೇಳಿ ಹುಚ್ಚು ಹಿಡಿಯುತ್ತೆ ಅಂತ ಮೊದಲೇ ಗೊತ್ತಿದ್ದು ತನ್ನನ್ನ ಹಡಗಿನ ಕಂಬಕ್ಕೆ ಕಟ್ಟಿಸಿಕೊಂಡ ಗ್ರೀಕ್ ಕಥೆಯ ಒಡಿಸಿಯಸ್ ಹಾಗೆ. ಒಪ್ಪಂದ ಹೀಗಿದೆ: ಪ್ರತಿ ಐದು ಮೈಲಿಗೆ ಒಬ್ಬ ಇನ್ನೊಬ್ಬನಿಗೆ ಹದಿಮೂರರ ಮಗ್ಗಿಯಲ್ಲಿ ಒಂದು ಪ್ರಶ್ನೆ ಕೇಳಬೇಕು. ತಡವರಿಸಿದ್ರೆ ಇನ್ನೊಂದು ಕೇಳಬೇಕು. ಎರಡೂ ತಪ್ಪಿದ್ರೆ ಓಟ ಅಲ್ಲಿಗೆ ಮುಗೀತು, ಇಬ್ಬರಿಗೂ. ತಪ್ಪಿದವನು 'ನೀನು ಹೋಗು' ಅಂದ್ರೆ ಆ ಮಾತಿಗೆ ಬೆಲೆ ಇಲ್ಲ.

ಅಕ್ಟೋಬರಿನಲ್ಲಿ ಲೋವೆಲ್ ಊರಿನ ಓಟಕ್ಕೆ ಇಬ್ಬರೂ ಹೆಸರು ಕೊಟ್ಟಿದೀವಿ. ಕಳೆದ ಶನಿವಾರ ತಾಲೀಮಿಗೆ ಹೋಗಿದ್ವಿ. ಒಳ್ಳೆ ಬಿಸಿಲು, ಒಂದು ಹನಿ ಮಳೆ ಇಲ್ಲ. ಹತ್ತನೇ ಮೈಲಿಗೆ ಅವನು ಕೇಳಿದ, "ಹದಿಮೂರೆಂಟ್ಲೆ?"

ನಾನು ಸ್ವಲ್ಪ ದೂರ ಓಡಿದೆ. "ತೊಂಬತ್ತಾರಾ?"

"ಹದಿಮೂರೇಳ್ಲೆ?"

"ತಡಿ ಮಾರಾಯ, ಇದು ನಂಗೆ ಶಾಲೇಲೂ ಬರ್ತಿರಲಿಲ್ಲ."

ಅವನು ನಿಂತುಬಿಟ್ಟ. ನಗ್ತಾ ಇರಲಿಲ್ಲ. ಇಬ್ಬರೂ ಕಾರಿನವರೆಗೆ ನಡೆದುಕೊಂಡು ಬಂದ್ವಿ.